ಯಾವ ಕಲ್ಲವ್ವಾ ಅಲ್ಲಿ?

ಎಲ್ಲರಿಗೂ ಶರಣು ಶರಣಾರ್ಥಿ.

ಹೋದ ಯುಗಾದಿಯಿಂದ ಈ ಯುಗಾದಿಯ ತನಕ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ತಿರುಗಿದೆ. ಅದರ ಬಗ್ಗೆ ಮಾತಾಡ್ರಿ ಅಂತ ಗ್ರಂಥಾಲಯದವರು ಕರೆದಾಗ ನನ್ನ ನೋಟ್‌ಬುಕ್ ತೆಗೆದು ಕೂತೆ. ಮೊದಲ ಪುಟದಲ್ಲಿ '52 ರವಿವಾರ, 52 ಊರು' ಅಂತ ಬರೆದುಕೊಂಡಿದ್ದೇನೆ. ಎಣಿಸಿದರೆ ನೋಡಿದ್ದು 19 ಊರು. ಕೆಲವು ಊರಿಗೆ ಮತ್ತೆ ಮತ್ತೆ ಹೋದೆ, ಕನಗನಹಳ್ಳಿಗಂತೂ ನಾಲ್ಕು ಸಲ. ಯಾಕೆ ಹಾಗಾಯಿತು ಅನ್ನುವುದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ನಾನು ಹುಟ್ಟಿದ್ದು ಶಹಾಬಾದಿನಲ್ಲಿ. ನಮ್ಮಪ್ಪ ಮೂವತ್ತು ವರ್ಷಕ್ಕೂ ಮಿಕ್ಕಿ ಪರ್ಸಿ ಖಣಿಯಲ್ಲಿ ದುಡಿದವರು. ಪರ್ಸಿ ಅಂದರೆ ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಕಲ್ಲು, ಈ ಊರಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ನಾವೆಲ್ಲ ಅಂಬೆಗಾಲಿಟ್ಟದ್ದು ಅದರ ಮೇಲೆ, ಬ್ಯಾಸಗಿ ರಾತ್ರಿ ನೀರು ಚಿಮುಕಿಸಿಕೊಂಡು ಮಲಗಿದ್ದೂ ಅದರ ಮೇಲೆ. ನೆಲದೊಳಗೆ ಆ ಕಲ್ಲು ಪದರು ಪದರಾಗಿ ಕೂತಿರುತ್ತದೆ. ಸಂದಿಗೆ ಹಾರೆ ಕೊಟ್ಟು ಮೀಟಿದರೆ ಚಪ್ಪಟೆಯಾಗಿ ಎದ್ದು ಬರುತ್ತದೆ. ಎಬ್ಬಿಸುವ ಮೊದಲು ಸುತ್ತಿಗೆಯಿಂದ ತಟ್ಟಿ ದನಿ ಕೇಳುವುದು ಅಪ್ಪನ ರೂಢಿ. ಠಣ್ ಅಂದರೆ ಗಟ್ಟಿ, ಮಂಕಾಗಿ ಕೇಳಿದರೆ ಒಳಗೆ ಬಿರುಕು. ಈಗ ಅವರ ಕಣ್ಣು ಮಂಜಾಗಿವೆ, ಕಿವಿ ಮಾತ್ರ ಚುರುಕು. ಪ್ರತಿ ರವಿವಾರ ರಾತ್ರಿ ಊಟಕ್ಕೆ ಕೂತಾಗ ಅವತ್ತು ನೋಡಿದ್ದನ್ನೆಲ್ಲ ಅವರಿಗೆ ಹೇಳುತ್ತಿದ್ದೆ. ರಾಜರ ಹೆಸರು, ಇಸವಿ, ಶಿಲ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳೋರು: "ಯಾವ ಕಲ್ಲವ್ವಾ ಅಲ್ಲಿ?"

ಮೊದಲ ತಿಂಗಳು ನನ್ನ ಹತ್ತಿರ ಉತ್ತರ ಇರಲಿಲ್ಲ. ಹೈಸ್ಕೂಲಿನಲ್ಲಿ 22 ವರ್ಷ ಸಮಾಜ ವಿಜ್ಞಾನ ಕಲಿಸಿದ್ದೇನೆ. ಒಂದು ಗುಡಿ ತೋರಿಸಿದರೆ ವಂಶ ಯಾವುದು, ಕಾಲ ಯಾವುದು ಅಂತ ಹೇಳಬಲ್ಲೆ. ಆದರೆ ಆ ಗುಡಿಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿರಲಿಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ತರಲಿಕ್ಕೆಂದೇ ನೋಡಿದ ಊರಿಗೆ ಎರಡನೇ ಸಲ ಹೊರಟೆ.

ಮೊದಲು ಹಾಗೆ ಹೋದದ್ದು ಮಳಖೇಡಕ್ಕೆ. ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್. ಅಮೋಘವರ್ಷ ನೃಪತುಂಗ ಆಳಿದ ಮಾನ್ಯಖೇಟ, ಕವಿರಾಜಮಾರ್ಗ ಹುಟ್ಟಿದ ನೆಲ. 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಬಂದು ಸೂರೆ ಮಾಡಿದ ನಗರ. ಚೈತ್ರದಲ್ಲಿ ಹೋದಾಗ ಕಾಗಿಣಾ ಬತ್ತಿತ್ತು, ನೆತ್ತಿ ಸುಡುತ್ತಿತ್ತು. ಕೋಟೆಯಲ್ಲಿ ಒಂದು ಸುತ್ತು ಹಾಕಿ ಬಂದುಬಿಟ್ಟೆ. ಶ್ರಾವಣದಲ್ಲಿ ಮತ್ತೆ ಹೋದಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಕೋಟೆಯ ಗೋಡೆ ಮಳೆಯಲ್ಲಿ ತೊಳೆದು ನಿಂತಿತ್ತು. ಒದ್ದೆಯಾದ ಕಲ್ಲಿನ ಬಣ್ಣ ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಅಡಿಗೆಮನೆಯ ಬಣ್ಣ ಅದು. ಅವತ್ತು ರಾತ್ರಿ "ಅಪ್ಪಾ, ನಮ್ಮ ಕಲ್ಲೇ" ಅಂದೆ. "ಮತ್ತೇನು" ಅಂದರು, ಅವರಿಗೆ ಮೊದಲೇ ಗೊತ್ತಿದ್ದ ಹಾಗೆ.

ಅಲ್ಲಿಂದ ನನ್ನ ತಿರುಗಾಟದ ದಾರಿಯೇ ಬೇರೆಯಾಯಿತು. ಭೀಮಾ ಕಣಿವೆಯ ಈ ಸುಣ್ಣಕಲ್ಲು ಎಲ್ಲೆಲ್ಲಿ ಹಾಸಿದೆಯೋ ಅಲ್ಲೆಲ್ಲ ಹೋದೆ. ನಮ್ಮ ಊರ ಮಗ್ಗುಲಲ್ಲೇ ಇರುವ ಮರತೂರಿಗೆ ಈ ವರ್ಷ ಮೊದಲ ಸಲ ಕಾಲಿಟ್ಟೆ ಅಂತ ಹೇಳಲು ಸಂಕಟವಾಗುತ್ತದೆ. ವಿಜ್ಞಾನೇಶ್ವರರ ಊರು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅವರು ಬರೆದ ಮಿತಾಕ್ಷರ ದೇಶದ ಬಹುಪಾಲು ಹಿಂದೂ ಕುಟುಂಬಗಳಲ್ಲಿ ಆಸ್ತಿ ಯಾರಿಗೆ ಸೇರಬೇಕು ಅಂತ ತೀರ್ಮಾನಿಸಿತು. 2005ರಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಬಂತಲ್ಲ, ಆ ತಿದ್ದುಪಡಿಯಲ್ಲೂ ಮಿತಾಕ್ಷರದ ಹೆಸರಿದೆ. ಮನೆಯಲ್ಲಿ ಪಾಲಿನ ಮಾತು ಬಂದಾಗ ತಲೆ ತಗ್ಗಿಸಿ ಕೂತ ಹೆಣ್ಣುಮಕ್ಕಳನ್ನು ಬಹಳ ನೋಡಿದ್ದೇನೆ. ಆ ಊರಿನ ಓಣಿಯಲ್ಲಿ ನಿಂತಾಗ ಅವರೆಲ್ಲ ಒಬ್ಬೊಬ್ಬರಾಗಿ ನೆನಪಾದರು.

ಚಿತ್ತಾಪುರದ ಹತ್ತಿರ ನಾಗಾವಿಗೂ ಹೋದೆ, ಅರವತ್ತು ಕಂಬದ ಗುಡಿಗೆ. ಅಲ್ಲಿದ್ದ ಘಟಿಕಾಸ್ಥಾನಕ್ಕೆ, ಅಂದರೆ ಆ ಕಾಲದ ವಿದ್ಯಾಪೀಠಕ್ಕೆ, 1058ರ ಶಾಸನ ಇದೆ. ಗುರುಗಳ ಜೊತೆಗೆ ಆರು ಜನ ಸರಸ್ವತೀ ಭಾಂಡಾರಿಗರಿಗೂ, ಅಂದರೆ ಗ್ರಂಥಪಾಲಕರಿಗೂ, ಜೀವನಕ್ಕೆ ಭೂಮಿ ಬಿಟ್ಟುಕೊಟ್ಟ ದಾಖಲೆ ಅದರಲ್ಲಿದೆ. ಗ್ರಂಥಾಲಯದಲ್ಲಿ ನಿಂತು ಮಾತಾಡುತ್ತಿದ್ದೇನೆ, ಇದನ್ನು ಹೇಳದೆ ಮುಂದೆ ಹೋಗಲಾರೆ.

ಈಗ ಸನ್ನತಿ. ಭೀಮೆಯ ದಂಡೆ, ಚಂದ್ರಲಾಂಬೆಯ ಗುಡಿ. ಆ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು, ಮೂರ್ತಿ ಒಡೆಯಿತು. ಅವಶೇಷ ಸರಿಸಿದಾಗ ಮೂರ್ತಿಯ ಕೆಳಗಿನ ಪೀಠದಲ್ಲಿ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ! ಮೂರ್ತಿ ನಿಲ್ಲಿಸಲು ಯಾರೋ ಆ ಬಂಡೆಯ ನಡುವೆ ಚೌಕಾಗಿ ಕೊರೆದು ತೂತು ಮಾಡಿದ್ದರು, ಒಂದಿಷ್ಟು ಅಕ್ಷರ ಅಲ್ಲೇ ಹೋದವು. ಅದನ್ನು ನೆನೆದು ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೂತು ಹೊಡೆದವನೂ ಖಣಿಯವನೇ ಅದಾನ. ಇಷ್ಟು ಛಲೋ ಕಲ್ಲು ಹೊಲದಾಗ ಬಿಡಬಾರದು ಅಂತ ದೇವಿ ಕೆಳಗ ಇಟ್ಟಾನ. ಬಿಟ್ಟಿದ್ರ ಯಾರದೋ ಒಡ್ಡಿಗಿ ಹೋಗ್ತಿತ್ತು" ಅಂದರು. ಆ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ. ನೂರಾರು ವರ್ಷ ಆ ಅಕ್ಷರಗಳ ಮೇಲೆ ಎಣ್ಣೆ, ಕುಂಕುಮ, ನೀರು ಬಿದ್ದಿವೆ. ಪೂಜೆಯ ಜಾಗವಾದ್ದರಿಂದಲೇ ಯಾರೂ ಅದನ್ನು ಕಿತ್ತುಕೊಂಡು ಹೋಗಲಿಲ್ಲ.

ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ಇಡೀ ಸ್ತೂಪವೇ ಹೊರಬಂತು. ಅದಕ್ಕೆ ಹೊದಿಸಿದ್ದ ಶಿಲ್ಪಫಲಕಗಳಲ್ಲಿ ಒಂದರಲ್ಲಿ ಒಬ್ಬ ರಾಜ ಇದ್ದಾನೆ, ಜೊತೆಗೆ ಹೆಣ್ಣುಮಕ್ಕಳು, ಮೇಲೆ ಹಿಡಿದ ಕೊಡೆ. ಅಂಚಿನಲ್ಲಿ 'ರಾಯ ಅಸೋಕೋ' ಅಂತ ಬ್ರಾಹ್ಮಿಯಲ್ಲಿ ಕೊರೆದಿದ್ದಾರೆ. ನಾನು ಕಲಿಸಿದ ಪಾಠದಲ್ಲೆಲ್ಲ ಅಶೋಕ ಅಂದರೆ ನಾಲ್ಕು ಸಿಂಹ, ಒಂದು ಚಕ್ರ. ಮುಖ ಇರಲಿಲ್ಲ. ಇಲ್ಲಿ ಹೆಸರಿನ ಸಮೇತ ಮನುಷ್ಯನಾಗಿ ನಿಂತಿದ್ದಾನೆ, ಅದೂ ನಮ್ಮ ಸುಣ್ಣಕಲ್ಲಿನಲ್ಲಿ. ನಾನು ಹತ್ತಿರ ಹೋಗಿ ಫಲಕದ ಅಂಚು ನೋಡಿದೆ. ಪದರು ಕಂಡಿತು, ಕಣ್ಣಲ್ಲಿ ನೀರು ಬಂತು.

ಬೀದರಕ್ಕೆ ಹೋದರೆ ಕಲ್ಲು ಬದಲಾಗುತ್ತದೆ. ಅಲ್ಲಿ ಎಲ್ಲ ಕೆಂಪು ಜಂಬಿಟ್ಟಿಗೆ. ಅಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಕೋಟೆಯ ಮೂರು ಸುತ್ತಿನ ಕಂದಕವನ್ನು ಅದರಲ್ಲೇ ಕಡಿದಿದ್ದಾರೆ. ಆದರೆ ನಾನು ಒಂದು ಇಡೀ ದಿನ ಕಳೆದದ್ದು ನೌಬಾದಿನ ಸುರಂಗ ಬಾವಿಯ ಹತ್ತಿರ. ಬಹಮನಿಯರು 15ನೇ ಶತಮಾನದಲ್ಲಿ ಪರ್ಷಿಯಾದ ಕರೇಜ್ ವಿದ್ಯೆಯನ್ನು ತಂದು ಮಾಡಿಸಿದ್ದು. ಜಂಬಿಟ್ಟಿಗೆಯಲ್ಲಿ ಮಳೆನೀರು ಇಳಿಯುತ್ತದೆ, ಅದರ ಕೆಳಗಿನ ಕರಿಕಲ್ಲಿನಲ್ಲಿ ಇಳಿಯುವುದಿಲ್ಲ. ಎರಡೂ ಕೂಡುವ ಜಾಗದಲ್ಲಿ ಒಸರುವ ನೀರನ್ನು ಹಿಡಿದು, ಸ್ವಲ್ಪವೇ ಇಳಿಜಾರು ಕೊಟ್ಟ ಸುರಂಗದಲ್ಲಿ ಕಿಲೋಮೀಟರುಗಟ್ಟಲೆ ಹರಿಸಿದ್ದಾರೆ. ರಾಟೆ ಬೇಡ, ಎತ್ತು ಬೇಡ. ನಡುನಡುವೆ ಗಾಳಿ ಬೆಳಕಿಗೆಂದು ಮೇಲಿನಿಂದ ಬಾವಿ ತೋಡಿದ್ದಾರೆ. ಅಂಥ ಒಂದರ ಬಾಯಿಗೆ ಕಿವಿ ಕೊಟ್ಟೆ. ಮೇಲೆ ಸುಡುವ ಬಿಸಿಲು, ಕೆಳಗೆ ನೀರಿನ ದನಿ. ಝರಣಿ ನರಸಿಂಹನ ಗವಿಯಲ್ಲಿ ಎದೆಮಟ್ಟದ ನೀರಿನಲ್ಲಿ ಭಕ್ತರು ಹರಕೆ ಹೊತ್ತು ನಡೆಯುತ್ತಾರಲ್ಲ, ಆ ಜಲವೂ ಇದೇ ಕೆಂಪು ಕಲ್ಲಿನ ಒಸರು ಅಂತ ತಿಳಿದಾಗ ಎರಡೂ ಜಾಗ ನನ್ನ ಮನಸ್ಸಿನಲ್ಲಿ ಕೂಡಿಕೊಂಡವು.

ಅದೇ ಕೋಟೆಯ ಮಣ್ಣು ಬಿದರಿ ಕೆಲಸದ ಜೀವ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಆ ಮಣ್ಣು ಹಾಗೂ ನವಸಾಗರ ಹಾಕಿದ ಬಿಸಿನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಒಬ್ಬ ಹಿರಿಯ ಕುಶಲಕರ್ಮಿ ಚಿಟಿಕೆ ಮಣ್ಣು ನಾಲಗೆಗೆ ಇಟ್ಟು, "ಇದು ನಡೀತದ, ಅಕ್ಕಾ" ಅಂದರು. ಅಪ್ಪ ಕಿವಿಯಿಂದ ಮಾಡುವುದನ್ನು ಅವರು ನಾಲಗೆಯಿಂದ ಮಾಡುತ್ತಾರೆ!

ಒಂದು ನೋವನ್ನೂ ಹೇಳಬೇಕು. ಒಂದು ಹಳ್ಳಿಯಲ್ಲಿ ಬ್ಯಾಸಗಿಯಲ್ಲಿ ನಾನು ಓದಲು ಯತ್ನಿಸಿದ್ದ ಶಾಸನಕ್ಕೆ ದೀಪಾವಳಿಯ ಹೊತ್ತಿಗೆ ಗಟ್ಟಿ ಎಣ್ಣೆಬಣ್ಣ ಬಳಿದಿದ್ದರು. ಭಕ್ತಿಯಿಂದಲೇ ಬಳಿದದ್ದು, ಯಾರನ್ನು ಬೈಯಲಿ? ಊರಿನ ಹುಡುಗರನ್ನು ಕೂರಿಸಿಕೊಂಡು, ನನ್ನ ನೋಟ್‌ಬುಕ್ಕಿನಲ್ಲಿದ್ದ ನಾಲ್ಕು ಸಾಲನ್ನು ಅವರ ಪಾಟಿಯ ಮೇಲೆ ಬರೆಸಿ ಬಂದೆ. ನೀವು ಕಂಡ ಶಾಸನ ಇದ್ದರೆ ದಯವಿಟ್ಟು ಇವತ್ತೇ ಫೋಟೋ ತೆಗೆದಿಡ್ರಿ. ಮುಂದಿನ ಹಬ್ಬದ ತನಕ ಕಾಯಬೇಡ್ರಿ.

ಕೊನೆಯದಾಗಿ ಹುಣಸಗಿ ಕಡೆಯ ಇಸಾಂಪುರ. ಸುರಪುರದಿಂದ ಬಸ್ಸು ಹಿಡಿದು ಹೋದೆ. ನೋಡಲು ಬಯಲು, ಹೊಲ, ಚೆಲ್ಲಿದ ಕಲ್ಲು, ಅಷ್ಟೇ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಆ ಜಾಗ ಅಗೆದು, ಅದು ಆದಿಮಾನವರು ಕಲ್ಲು ಆರಿಸಿ ಕೈಗೊಡಲಿ ಮಾಡಿಕೊಳ್ಳುತ್ತಿದ್ದ ತಾಣ ಅಂತ ತೋರಿಸಿಕೊಟ್ಟರು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಪರೀಕ್ಷೆಯಿಂದ ಬಂದ ಕಾಲ ಸುಮಾರು 12 ಲಕ್ಷ ವರ್ಷ. ಕಲ್ಲು ಯಾವುದು? ಸುಣ್ಣಕಲ್ಲು. ಪದರಿನಿಂದ ಬಿಟ್ಟುಕೊಂಡ ಚಪ್ಪಡಿಗಳಲ್ಲಿ ಬೇಕಾದ ದಪ್ಪದ್ದನ್ನು ಆರಿಸಿ, ಗುಂಡುಕಲ್ಲಿನಿಂದ ಹೊಡೆದು ಅಂಚು ತೆಗೆಯುತ್ತಿದ್ದರು. ಅವತ್ತು ಕೊನೆಯ ಬಸ್ಸು ತಪ್ಪಿತು. ಒಂದು ಮನೆಯವರು ಕರೆದು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಟ್ಟರು. ಕೆಳಗೆ ಪರ್ಸಿ. ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಇದನ್ನು ಹೇಳಿದ ರಾತ್ರಿ ಅಪ್ಪ ಎಂದಿನ ಪ್ರಶ್ನೆ ಕೇಳಲಿಲ್ಲ. "ನನ್ನೂ ಒಮ್ಮೆ ಕರಕೊಂಡು ಹೋಗವ್ವಾ" ಅಂದರು. ಇಸಾಂಪುರ ಅವರಿಗೆ ದೂರವಾಗುತ್ತದೆ. ಹೋದ ತಿಂಗಳು ಕನಗನಹಳ್ಳಿಗೆ ಕಾರು ಮಾಡಿಕೊಂಡು ಹೋದೆವು, ಅದೇ ನನ್ನ ನಾಲ್ಕನೇ ಸಲ. ಕೈ ಹಿಡಿದು ಅಶೋಕನ ಮುಂದೆ ನಿಲ್ಲಿಸಿ, ಹೆಸರು ಕೊರೆದ ಜಾಗ ಎಲ್ಲಿದೆ ಅಂತ ಹೇಳಿದೆ. ಅವರು ಮುಖದ ಕಡೆ ನೋಡಲೇ ಇಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ, ಫಲಕದ ಅಂಚನ್ನೇ ನೋಡುತ್ತಾ ನಿಂತರು. ಜೇಬಿನಲ್ಲಿದ್ದ ಬಲಗೈ ಹೊರಗೆ ಬಂತು, ಬೆರಳ ಗಂಟು ಮಡಚಿತು, ಮತ್ತೆ ಜೇಬಿಗೆ ಹೋಯಿತು.

"ಮ್ಯಾಲಿನ ಪದರಲ್ಲ ಇದು," ಅಂದರು. "ಆಳದ್ದು. ಬಹಳ ಆಳ ಹೋಗಿ ತಂದಾರ."