ಕೆಟ್ಟ ಬುಷ್‌ಗಳ ಡಬ್ಬಿ

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಮಾತಾಡುವವನ ಕಷ್ಟ ನನಗೆ ಗೊತ್ತು. ಬಿಸಿಬೇಳೆ ಬಾತಿನ ವಾಸನೆ ನನ್ನ ಮೂಗಿಗೂ ಬರುತ್ತಿದೆ.

ನಾನು ತಂದಿರುವ ಈ ಡಬ್ಬಿ ಬಿಸ್ಕತ್ತಿನದು, ಆದರೆ ಒಳಗೆ ಬಿಸ್ಕತ್ತಿಲ್ಲ. ನನ್ನ ಹಳೇ ಬೈಕಿಗೆ ಅಂತ ಮನೆಯ ಲೇತಿನಲ್ಲಿ, ಅಂದರೆ ಲೋಹವನ್ನು ತಿರುಗಿಸುತ್ತಾ ಕೆತ್ತುವ ಯಂತ್ರದಲ್ಲಿ, ಮಾಡಲು ಹೋಗಿ ಕಳೆದ ಆರು ವರ್ಷದಲ್ಲಿ ನಾನು ಹಾಳು ಮಾಡಿದ ಬುಷ್, ಬೋಲ್ಟ್, ಸ್ಪಿಂಡಲ್‌ಗಳಿವೆ. ಸ್ಪಿಂಡಲ್ ಅಂದರೆ ತಿರುಗುವ ಸರಳು, ಬುಷ್ ಅಂದರೆ ಅದು ಕೂರುವ ಗಿಡ್ಡ ಕೊಳವೆ. ಸರಿಯಾಗಿ ಬಂದವು ಬೈಕಿನಲ್ಲೇ ಇವೆ. ಅವುಗಳ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ.

ನಾನು ಮೆಕ್ಯಾನಿಕಲ್ ಓದಿದವನಲ್ಲ, ಸಾಫ್ಟ್‌ವೇರ್ ಕೆಲಸದವನು. ಚಿಕ್ಕವನಿದ್ದಾಗ ಮೈಸೂರಿನಲ್ಲಿ ನಮ್ಮ ಮನೆ ಹತ್ತಿರ ಒಂದು ಲೇತ್ ಅಂಗಡಿ ಇತ್ತು. ಶಾಲೆಯಿಂದ ಬರುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅಷ್ಟೇ. ಜಾವಾ ಕಾರ್ಖಾನೆ ಇದ್ದ ಊರಿನವನು ಜಾವಾ ಬಿಟ್ಟು ಇಂಗ್ಲಿಷರ ಬೈಕ್ ಹಿಡಿದಿದ್ದಾನಲ್ಲ ಅಂತ ನಮ್ಮ ಭಾವ ಇವತ್ತಿಗೂ ಆಡಿಕೊಳ್ಳುತ್ತಾರೆ. ಏನು ಮಾಡೋದು, ನಾಟಿಂಗ್‌ಹ್ಯಾಮ್‌ಗೆ ಬಂದ ಮೇಲೆ ಸಹೋದ್ಯೋಗಿಯೊಬ್ಬರ ತಂದೆಯ ಗ್ಯಾರೇಜ್ ಖಾಲಿ ಮಾಡುವಾಗ ನನ್ನ ಪಾಲಿಗೆ ಸಿಕ್ಕಿದ್ದು ಬಿಎಸ್‌ಎ ಎಂ20.

ಈ ಬೈಕ್ ಗೊತ್ತಿಲ್ಲದವರಿಗೆ ಎರಡು ಮಾತು. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. ಮೊದಲು ಬಂದೂಕು ಮಾಡುತ್ತಿದ್ದ ಕಂಪನಿ. ಎಂ20 ರೂಪಿಸಿದವನು ವ್ಯಾಲ್ ಪೇಜ್. 496 ಸಿಸಿ, ಒಂದೇ ಸಿಲಿಂಡರ್, ಅದರ ಪಕ್ಕದಲ್ಲೇ ಕವಾಟ ಇರುವ ಸೈಡ್ ವಾಲ್ವ್, ಸುಮಾರು 13 ಅಶ್ವಶಕ್ತಿ. ಓಟದಲ್ಲಿ ಎಮ್ಮೆ, ತಾಳಿಕೆಯಲ್ಲೂ ಎಮ್ಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು 1,26,000 ಎಂ20 ತಯಾರಾದವು. 1940ರ ನವೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್‌ನಲ್ಲಿದ್ದ ಕಾರ್ಖಾನೆಯ ಮೇಲೆ ಬಾಂಬ್ ಬಿದ್ದು 53 ಕೆಲಸಗಾರರು ಸತ್ತರು. ಆಮೇಲೂ ಬೈಕ್‌ಗಳು ಹೊರಬರುತ್ತಲೇ ಇದ್ದವು. ನನ್ನದು ಅದರ ಮುಂದಿನ ವರ್ಷದ್ದು.

ಮುಂದಿನ ಚಕ್ರ ಹಿಡಿದಿರುವುದು ಗರ್ಡರ್ ಫೋರ್ಕ್. ಈಗಿನ ಬೈಕಿನ ಹಾಗೆ ಕೊಳವೆಯೊಳಗೆ ಕೊಳವೆ ಜಾರುವುದಿಲ್ಲ. ಇಡೀ ಫೋರ್ಕ್ ನಾಲ್ಕು ಸ್ಪಿಂಡಲ್‌ಗಳ ಮೇಲೆ ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ಆಡುತ್ತದೆ, ನಡುವೆ ಒಂದು ದೊಡ್ಡ ಸ್ಪ್ರಿಂಗ್. ಸ್ಪಿಂಡಲ್ ತಿರುಗುವ ಕಡೆ ಬುಷ್. ಅದಕ್ಕೆ ಗ್ರೀಸ್ ಹೊಡೆಯದೆ ನಲವತ್ತು ವರ್ಷ ಬಿಟ್ಟರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದರೆ ಹಳೇ ಎತ್ತಿನ ಗಾಡಿ ಸದ್ದು.

ಹೊಸ ಬುಷ್ ಸಿಗಲ್ವಾ? ಸಿಗುತ್ತೆ. ಎಂ20ಗೆ ಇಲ್ಲಿ ಬಹುಪಾಲು ಎಲ್ಲ ಭಾಗವೂ ಸಿಗುತ್ತೆ. ನಾನೂ ಮೊದಲು ತರಿಸಿದೆ. ಬಂತು, ಹಾಕಿದೆ, ಬೆರಳಲ್ಲಿ ಒತ್ತಿದರೇ ಒಳಗೆ ಹೋಯಿತು. ಬುಷ್ ಅಂದರೆ ಬಿಗಿಯಾಗಿ ಕೂರಬೇಕು, ವೈಸ್ ಅನ್ನೋ ದೊಡ್ಡ ಇಕ್ಕಳದಲ್ಲಿ ಒತ್ತಿ ಕೂರಿಸಬೇಕು. ಮಾರಿದವರಿಗೆ ಎರಡು ಖಾರದ ಮೇಲ್ ಬರೆದೆ, ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತೆ, ಯಾಕಂದರೆ ತಪ್ಪು ಬುಷ್‌ನದ್ದಲ್ಲ. ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮ ಆ ರಂಧ್ರವನ್ನು ದೊಡ್ಡದು ಮಾಡಿ, ತನ್ನದೇ ಅಳತೆಯ ಬುಷ್ ಹಾಕಿ, ಬೈಕ್ ಓಡಿಸಿಕೊಂಡಿದ್ದ. ಕ್ಯಾಟಲಾಗಿನ ಬುಷ್ ಮಾಡಿರುವುದು 1941ರಲ್ಲಿ ಸ್ಮಾಲ್ ಹೀತ್‌ನಿಂದ ಹೊರಟ ಬೈಕಿಗೆ. ನನ್ನ ಶೆಡ್ಡಿನಲ್ಲಿ ನಿಂತಿರುವುದು ಆ ಬೈಕ್ ಅಲ್ಲ. ಎಂಬತ್ತು ವರ್ಷ ಎಷ್ಟೋ ಜನ ಕೈಯಾಡಿಸಿದ ಬೈಕ್. ಅದರ ಅಳತೆ ಅದಕ್ಕೆ ಮಾತ್ರ ಗೊತ್ತು. ಅದಕ್ಕೆ ತಕ್ಕ ಬುಷ್ ನಾನೇ ಮಾಡಿಕೊಳ್ಳೋಕೆ ಲೇತ್ ಬೇಕಾಯಿತು. ಜನ ಮನೆಯಲ್ಲಿ ಲೇತ್ ಇಟ್ಟುಕೊಳ್ಳುವುದು ದುಡ್ಡು ಉಳಿಸೋಕೆ ಅಂತ ನೀವು ಅಂದುಕೊಂಡಿದ್ದರೆ, ನಮ್ಮ ಮನೆಯವರನ್ನು ಕೇಳಿ, ಅವರ ಹತ್ತಿರ ಲೆಕ್ಕ ಇದೆ.

ನನ್ನ ಲೇತ್ ಮೈಫರ್ಡ್ ಎಂಎಲ್7. ಇದು ಇದೇ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ ತಯಾರಾಗುತ್ತಿದ್ದ ಯಂತ್ರ, 1946ರಲ್ಲಿ ಬಂದದ್ದು. ಇಲ್ಲಿನ ಎಷ್ಟೋ ಶೆಡ್‌ಗಳಲ್ಲಿ ಇವತ್ತಿಗೂ ಓಡುತ್ತಿದೆ. ನಮ್ಮೂರ ಲೇತ್ ಅಂಗಡಿಯ ಯಂತ್ರದ ಮುಂದೆ ಇದು ಮರಿ. ಬೆಡ್‌ನಿಂದ ಅಂದರೆ ಅದರ ತಳಹಾಸಿನಿಂದ, ಮೂರೂವರೆ ಇಂಚು ಎತ್ತರದಲ್ಲಿ ಸೆಂಟರ್, ಅಂದರೆ ವಸ್ತು ತಿರುಗುವ ನಡುಗೆರೆ. ಎಂ20ರ ಸಣ್ಣಪುಟ್ಟ ಕೆಲಸಕ್ಕೆ ಧಾರಾಳ ಸಾಕು.

ಕಲಿಸಿದ್ದು ಯಾರು ಅಂತ ಕೇಳುತ್ತೀರಿ. ವಿಡಿಯೊ ತುಂಬ ನೋಡಿದೆ. ನೋಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತೆ. ಉಪಯೋಗಕ್ಕೆ ಬಂದದ್ದು ಇಲ್ಲಿನ ಮಾಡೆಲ್ ಎಂಜಿನಿಯರಿಂಗ್ ಕ್ಲಬ್. ಪುಟಾಣಿ ಉಗಿಬಂಡಿ ಕಟ್ಟುವ ಮುದುಕರ ಕೂಟ. ಅಲ್ಲಿನ ಅಜ್ಜ ಒಬ್ಬರು, ಎಂಬತ್ತು ದಾಟಿದವರು, ನನ್ನ ಮೊದಲ ಬುಷ್ ಕೈಯಲ್ಲಿ ಹಿಡಿದು, ಏನೂ ಹೇಳದೆ, ತುದಿಯಲ್ಲಿದ್ದ ಸಣ್ಣ ಮೊಡವೆಯಂಥ ಗುಬುಟು ತೋರಿಸಿದರು. ಲೋಹ ಕೊಯ್ಯುವ ಟೂಲ್ ಸೆಂಟರಿಗಿಂತ ಕೆಳಗಿದ್ದರೆ ಆ ಗುಬುಟು ಉಳಿಯುತ್ತೆ. ಸರಿಮಾಡುವ ಉಪಾಯ ಸುಲಭ. ಉಕ್ಕಿನ ಅಡಿಪಟ್ಟಿಯನ್ನು ದುಂಡು ಸರಳಿಗೂ ಟೂಲಿನ ಮೂತಿಗೂ ನಡುವೆ ಮೆತ್ತಗೆ ಒತ್ತಿ ಹಿಡಿಯಬೇಕು. ಪಟ್ಟಿ ನೆಟ್ಟಗೆ ನಿಂತರೆ ಟೂಲ್ ಸೆಂಟರಿನಲ್ಲಿದೆ, ವಾಲಿದರೆ ಇಲ್ಲ. ಮೂರು ತಿಂಗಳು ನಾನು ಮೋಟಾರಿಗೆ ಬೈದಿದ್ದೆ, ಯಂತ್ರಕ್ಕೆ ಬೈದಿದ್ದೆ. ಬೇಕಾಗಿದ್ದದ್ದು ಟೂಲಿನ ಅಡಿಗೆ ಒಂದು ತಗಡು ಚೂರು.

ಈಗ ಡಬ್ಬಿಗೆ ಬರೋಣ. ಈ ಬುಷ್ ನೋಡಿ, ಫಾಸ್ಫರ್ ಬ್ರಾಂಝ್ ಅನ್ನೋ ಒಂದು ಬಗೆಯ ಕಂಚು, ಬಂಗಾರದ ಹಾಗೆ ಹೊಳೆಯುತ್ತಿದೆ. ನಿರುಪಯೋಗಿ. ಟೂಲನ್ನು ಒಳಕ್ಕೆ ಹೊರಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಇದೆಯಲ್ಲ, ಈ ಲೇತಿನಲ್ಲಿ ಅದರ ಡಯಲಿನ ಒಂದು ಗೆರೆ ಅಂದರೆ ಒಂದು ಥೌ, ಇಂಚಿನ ಸಾವಿರದ ಒಂದು ಭಾಗ. ಕೂದಲಿಗಿಂತ ತೆಳು. ನನಗೆ ಹತ್ತು ಥೌ ತೆಗೆಯಬೇಕಿತ್ತು, ಹತ್ತು ಗೆರೆ ತಿರುಗಿಸಿದೆ. ಆದರೆ ಟೂಲ್ ಹತ್ತು ಥೌ ಒಳಗೆ ಹೋದರೆ ದುಂಡು ವಸ್ತುವಿನ ಸುತ್ತಲೂ ಹತ್ತು ಹೋಗುತ್ತೆ, ಅಂದರೆ ವ್ಯಾಸದಲ್ಲಿ ಇಪ್ಪತ್ತು. ಇದು ಓದಿ ಗೊತ್ತಿತ್ತು. ಓದಿ ಗೊತ್ತಿರುವುದು ರಾತ್ರಿ ಹನ್ನೊಂದಕ್ಕೆ ನೆನಪಿಗೆ ಬರಲ್ಲ.

ಈ ಎರಡನೆಯದು ಇನ್ನೂ ಮಜಾ. ಹೊರಗಿನ ಅಳತೆ ಸರಿ, ಒಳಗಿನ ಅಳತೆ ಸರಿ, ಸ್ಪಿಂಡಲ್ ರೇಷ್ಮೆಯ ಹಾಗೆ ತಿರುಗುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಫೋರ್ಕಿಗೆ ಒತ್ತಿ ಕೂರಿಸಿದ ಮೇಲೆ ಸ್ಪಿಂಡಲ್ ಒಳಗೇ ಹೋಗಲ್ಲ! ಬಿಗಿಯಾದ ರಂಧ್ರಕ್ಕೆ ಬುಷ್ ಒತ್ತಿದಾಗ ಹೊರಗಿನಿಂದ ಹಿಂಡಿದ ಹಾಗಾಗಿ ಒಳಗಿನ ತೂತೂ ಕುಗ್ಗುತ್ತದೆ. ಅದಕ್ಕೇ ಒಳಗೆ ಸ್ವಲ್ಪ ಲೋಹ ಬಿಟ್ಟು, ಕೂರಿಸಿದ ಮೇಲೆ ತೂತು ಸವರುವ ರೀಮರ್ ಹಾಕಿ ಕೊನೆಯ ಅಳತೆಗೆ ತರಬೇಕು. ಮೈಸೂರಿನ ಆ ಲೇತ್ ಅಂಗಡಿಯ ಹುಡುಗನಿಗೆ ಇದು ಹದಿನಾರನೇ ವಯಸ್ಸಿಗೇ ಗೊತ್ತಿತ್ತೇನೋ. ನನಗೆ ನಲವತ್ತೆರಡು ಬೇಕಾಯಿತು.

ಇನ್ನು ಥ್ರೆಡ್, ಅಂದರೆ ಬೋಲ್ಟಿನ ಮೇಲಿನ ತಿರುಪಿನ ಸುತ್ತು. ಇದರ ಬಗ್ಗೆ ಒಂದು ದಿನ ಮಾತಾಡಬಹುದು. ಹಳೇ ಬ್ರಿಟಿಷ್ ಬೈಕಿಗೆ ಮೆಟ್ರಿಕ್ ಬೋಲ್ಟ್ ಹಿಡಿಯಲ್ಲ ಅಂತ ಎಲ್ಲರಿಗೂ ಗೊತ್ತು. ಅದರೊಳಗೇ ಎಷ್ಟು ಜಾತಿ ಅಂತೀರಿ! 1841ರಲ್ಲಿ ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಪ್ರತಿ ವ್ಯಾಸಕ್ಕೂ ಇಂಚಿಗೆ ಇಷ್ಟೇ ಸುತ್ತು, ಸುತ್ತುಗಳ ಗಾಡಿಯ ಕೋನ 55 ಡಿಗ್ರಿ ಅಂತ ಒಂದು ಶಿಸ್ತು ತಂದ. ಅದೇ ಕೋನದಲ್ಲಿ ಸುತ್ತು ಒತ್ತೊತ್ತಾಗಿ ಇರುವುದು ಬಿಎಸ್‌ಎಫ್, ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್. ಸೈಕಲ್ ಮಾಡುವವರು ಬೇರೆ ದಾರಿ ಹಿಡಿದರು. ಅವರದು ಸೈಕಲ್ ಥ್ರೆಡ್, ಕೋನ 60 ಡಿಗ್ರಿ, ಬಹಳಷ್ಟು ಅಳತೆಗಳಿಗೆ ಇಂಚಿಗೆ 26 ಸುತ್ತು. ಬೈಕ್ ಹುಟ್ಟಿದ್ದು ಸೈಕಲಿನಿಂದ ತಾನೇ, ಆ ಥ್ರೆಡ್ ಕೂಡ ಜೊತೆಗೇ ಬಂತು. ತಮಾಷೆ ಏನಂದರೆ ಕಾಲಿಂಚಿನ ಬಿಎಸ್‌ಎಫ್‌ಗೂ 26 ಸುತ್ತೇ, ಕಾಲಿಂಚಿನ ಸೈಕಲ್ ಥ್ರೆಡ್‌ಗೂ 26 ಸುತ್ತೇ. ಸುತ್ತು ಎಣಿಸಿದರೆ ಎರಡೂ ಒಂದೇ. ಆದರೆ ಕೋನ ಬೇರೆ, ಆಳವೂ ಬೇರೆ. ಬಿಎಸ್‌ಎಫ್‌ನದು ಸುಮಾರು 25 ಥೌ, ಸೈಕಲ್ ಥ್ರೆಡ್ಡಿನದು 20. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಹಿಡಿದ ಹಾಗೆ ಅನಿಸುತ್ತೆ, ಸಾಲದ ಮಾತು ಕೊಟ್ಟವನ ಹಾಗೆ, ಬಿಗಿ ಮಾಡುವ ಹೊತ್ತಿಗೆ ಕೈಕೊಡುತ್ತೆ. ಡಬ್ಬಿಯಲ್ಲಿ ಅಂಥವು ನಾಲ್ಕಿವೆ.

26ರ ಥ್ರೆಡ್ಡನ್ನು ಲೇತಿನಲ್ಲೇ ಕೊಯ್ದ ದಿನ ಮಾತ್ರ ನಾನು ಸುಮ್ನೆ ಅರ್ಧ ಗಂಟೆ ಶೆಡ್ಡಿನಲ್ಲಿ ಕೂತಿದ್ದೆ. ಲೆಕ್ಕ ಎಷ್ಟು ಚೆಂದ ನೋಡಿ. ಮೈಫರ್ಡಿನ ಲೀಡ್ ಸ್ಕ್ರೂ, ಅಂದರೆ ಟೂಲನ್ನು ಉದ್ದಕ್ಕೆ ಎಳೆಯುವ ತಿರುಪು, ಇಂಚಿಗೆ 8 ಸುತ್ತು. ನನಗೆ ಬೇಕಾದದ್ದು 26. ಎಂಟು ಭಾಗಿಸು ಇಪ್ಪತ್ತಾರು ಅಂದರೆ ನಾಲ್ಕು ಭಾಗಿಸು ಹದಿಮೂರು, ಎರಡನ್ನೂ ಐದರಿಂದ ಗುಣಿಸಿದರೆ 20 ಮತ್ತು 65. ಪೆಟ್ಟಿಗೆಯಲ್ಲಿ 20 ಹಲ್ಲಿನ ಗೇರೂ ಇದೆ, 65 ಹಲ್ಲಿನದ್ದೂ ಇದೆ. ನಡುವೆ ಎರಡನ್ನೂ ಸೇರಿಸುವ ಒಂದು ಐಡ್ಲರ್ ಗೇರ್ ಹಾಕಿದರೆ ಮುಗೀತು, ಮಿಕ್ಕಿದ್ದೆಲ್ಲ ಯಂತ್ರದ ಕೆಲಸ. ಏಳನೇ ಕ್ಲಾಸಿನ ಭಿನ್ನರಾಶಿ ಕಬ್ಬಿಣದ ಮೇಲೆ ಕೂರುವುದನ್ನು ನಾನು ಅವತ್ತೇ ನೋಡಿದ್ದು.

ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ ಅಂತ ಅಲ್ಲ. ಸಿಲಿಂಡರ್ ಬೋರ್ ಮಾಡಿಸಲು ಹೊರಗೆ ಕಳಿಸಿದೆ. ಕಿಡಿ ಕೊಡುವ ಮ್ಯಾಗ್ನೆಟೊಗೆ ತಂತಿ ಸುತ್ತಿಸುವುದಕ್ಕೂ ಅಷ್ಟೇ. ಬ್ರೇಕಿಗೆ ಸಂಬಂಧಿಸಿದ ಬೋಲ್ಟನ್ನು ನಾನೇ ಮಾಡಿದರೂ, ಯಾವ ಉಕ್ಕು ಅಂತ ಗೊತ್ತಿಲ್ಲದ ಸರಳಿನಲ್ಲಿ ಮಾಡಲ್ಲ, ಅಳತೆ ಎಷ್ಟೇ ಸರಿ ಬಂದರೂ ಆಗಲ್ಲ.

ಮನೆಯಲ್ಲಿ ಲೇತ್ ಇಡಬೇಕು ಅಂತಿರುವವರಿಗೆ ಒಂದು ಮಾತು. ಉಂಗುರ, ಕೈಗೆ ಕಟ್ಟಿದ ದಾರ, ಕೊರಳ ಸರ ಎಲ್ಲ ತೆಗೆದಿಡಿ. ತೋಳು ಮಡಚಿ. ಗ್ಲೌಸ್ ಹಾಕಬೇಡಿ, ಅದು ಕಾಪಾಡಲ್ಲ, ಎಳೆದುಕೊಳ್ಳುತ್ತೆ. ವಸ್ತುವನ್ನು ಹಿಡಿಯುವ ಚಕ್ಕನ್ನು ಬಿಗಿ ಮಾಡುವ ಚಕ್ ಕೀಯನ್ನು ಅದರಲ್ಲೇ ಬಿಟ್ಟು ಮೋಟಾರ್ ಹಾಕಿದರೆ ಅದು ಬುಲೆಟ್. ನಾನು ಒಮ್ಮೆ ಬಿಟ್ಟಿದ್ದೆ. ಶೆಡ್ಡಿನ ಗೋಡೆಯಲ್ಲಿ ಗುರುತಿದೆ, ಬಂದವರಿಗೆ ತೋರಿಸುತ್ತೇನೆ.

ಫೋರ್ಕ್ ಕಥೆ ಏನಾಯಿತು? ನನ್ನ ಫೋರ್ಕಿನಲ್ಲಿ ಸ್ಪಿಂಡಲ್ ಪಕ್ಕ ಗೀರುಗೀರಾದ ವಾಷರ್‌ಗಳಿವೆ. ಎಲ್ಲ ಬಿಗಿ ಮಾಡಿದ ಮೇಲೂ ಆ ವಾಷರ್ ಬೆರಳಲ್ಲಿ ತಿರುಗಬೇಕು, ಆದರೆ ಪಕ್ಕಕ್ಕೆ ಅಲ್ಲಾಡಬಾರದು. ಎರಡು ವರ್ಷ, ಹನ್ನೊಂದು ಬುಷ್ ಹಾಳಾದ ಮೇಲೆ, ಫೆಬ್ರವರಿಯ ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಅದು ತಿರುಗಿತು. ಚಕ್ರ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ನಂಬಿಕೆ ಬಾರದೆ ಇನ್ನೊಂದು ಸಲ ಅಲ್ಲಾಡಿಸಿದೆ. ಆಮೇಲೆ ನೋಡಿದರೆ ಹೆಡ್‌ಲೈಟ್ ಬ್ರಾಕೆಟ್ ಸಡಿಲ, ಅದರ ಬೋಲ್ಟ್ ಮೆಟ್ರಿಕ್!

ಡಬ್ಬಿ ಈ ಕಡೆಯಿಂದ ಕಳಿಸುತ್ತೇನೆ, ಒಬ್ಬೊಬ್ಬರೇ ಕೈಗೆ ತಗೊಂಡು ನೋಡಿ. ಎಣ್ಣೆ ಸವರಿದ್ದೇನೆ, ಊಟಕ್ಕೆ ಕೂರುವ ಮುಂಚೆ ಕೈ ತೊಳೆದುಕೊಳ್ಳಿ.