ಬೆರಳಿಗೂ ಒಂದು ಕೆಲಸ ಇರಲಿ

ಕೇಳುಗರೇ, ನಮಸ್ಕಾರ.

ರೇಡಿಯೋದಲ್ಲಿ ಕೂತು ಫೋಟೋ ಬಗ್ಗೆ ಮಾತಾಡೋದು ಸ್ವಲ್ಪ ತಮಾಷೆಯ ಕೆಲಸವೇ. ನಾನು ತೋರಿಸುವ ಹಾಗಿಲ್ಲ, ನೀವು ನೋಡುವ ಹಾಗಿಲ್ಲ. ಆದರೂ ಒಂದು ಚಿತ್ರ ಹೇಳುತ್ತೇನೆ.

ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿ. ಇನ್ನೂ ಸರಿಯಾಗಿ ಬೆಳಗಾಗಿಲ್ಲ. ಒಲೆಯ ಮೇಲೆ ಅಗಲವಾದ ಬಾಣಲೆ, ಅದರ ತುಂಬ ಕಾದ ಮರಳು. ಅಕ್ಕಿ ಮರಳಿಗೆ ಬಿತ್ತು, ಸರಸರ ಸದ್ದಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ಬೆಳ್ಳಗಾಯಿತು. ಕಾಲೇಜಿನ ಒಬ್ಬ ಹುಡುಗ ಇದರ ಎರಡು ಫೋಟೋ ತೆಗೆದಿದ್ದ. ಒಂದರಲ್ಲಿ ಅಕ್ಕಿ, ಇನ್ನೊಂದರಲ್ಲಿ ಮಂಡಕ್ಕಿ. ಫೋನು ಅಲುಗಾಡಬಾರದು ಅಂತ ಅದನ್ನು ಅಕ್ಕಿ ಮೂಟೆಯ ಮೇಲೆ ಒರಗಿಸಿಟ್ಟಿದ್ದನಂತೆ. ಹಾಗಾಗಿ ಎರಡೂ ಫೋಟೋಗಳಲ್ಲಿ ಬಾಣಲೆಯ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

ನಾನು ವೆಬ್‌ಸೈಟ್ ಮಾಡುವವನು. ನನ್ನ ಗಿರಾಕಿಗಳೆಲ್ಲ ಬಟ್ಟೆ ಅಂಗಡಿ, ಅಡಿಕೆ ಮಂಡಿಯವರು. ಆ ಹುಡುಗ ಮತ್ತು ಅವನ ಕಾಲೇಜಿನ ಗೆಳೆಯರು ಬಂದು, ‘ಸಾರ್, ನಮ್ಮದು ಫೋಟೋ ಮತ್ತು ಕತೆಗಳ ಪತ್ರಿಕೆ. ಅದನ್ನ ವೆಬ್‌ಸೈಟ್ ಮಾಡಬೇಕು, ಇಂಟರಾಕ್ಟಿವ್ ಆಗಿರಬೇಕು’ ಅಂದರು. ಅಂದರೆ ಓದುಗರು ಮುಟ್ಟಿದರೆ, ಎಳೆದರೆ ಪುಟವೂ ಏನಾದರೂ ಮಾಡಬೇಕು. ಜೊತೆಗೆ ಆಸೆಗಳ ಒಂದು ಪಟ್ಟಿಯನ್ನೇ ತಂದಿದ್ದರು. ಪುಟ ಮಗುಚಿದ ಹಾಗೆ ಕಾಣಬೇಕು, ಬೆರಳಿನ ಹಿಂದೆ ನಕ್ಷತ್ರ ಉದುರಬೇಕು, ತೆರೆದ ಕೂಡಲೇ ಸಂಗೀತ ಬರಬೇಕು. ಪುಟ ಮಗುಚೋಕೆ ಪುಸ್ತಕವೇ ಇದೆಯಲ್ಲ ಅಂದೆ. ಮುಖ ಸಣ್ಣಗಾಯಿತು. ಸಂಗೀತದ ವಿಷಯದಲ್ಲಿ ನಾನು ಬೇಡ ಅನ್ನುವ ಮೊದಲೇ ಬ್ರೌಸರ್ ಬೇಡ ಅಂದಿದೆ. 2018ರಿಂದ ಕ್ರೋಮ್ ಬ್ರೌಸರ್‌ನಲ್ಲಿ, ಓದುಗರು ಪುಟವನ್ನು ಒಮ್ಮೆಯಾದರೂ ಮುಟ್ಟುವ ತನಕ ಸಾಮಾನ್ಯವಾಗಿ ಸದ್ದು ತಾನಾಗಿ ಶುರುವಾಗುವುದಿಲ್ಲ. ಒಳ್ಳೆಯದೇ ಆಯಿತು ಬಿಡಿ.

ಆಮೇಲೆ ಆ ಎರಡು ಬಾಣಲೆ ಫೋಟೋ ನೋಡಿದೆ. ಅಲ್ಲಿ ಬೆರಳಿಗೆ ನಿಜವಾದ ಕೆಲಸ ಇತ್ತು. ಒಂದರ ಮೇಲೊಂದು ಫೋಟೋ ಇಟ್ಟೆವು. ನಡುವೆ ಒಂದು ಗೆರೆ. ಗೆರೆಯನ್ನು ಬೆರಳಿನಿಂದ ಎಳೆದರೆ ಮೇಲಿನ ಫೋಟೋ ಪರದೆ ಸರಿದ ಹಾಗೆ ಸರಿಯುತ್ತದೆ, ಅಡಿಯ ಫೋಟೋ ಕಾಣುತ್ತದೆ. ಒಳಗಡೆ ಮಾಯಮಂತ್ರ ಏನಿಲ್ಲ. ಬೆರಳು ಎಲ್ಲಿದೆ ಅಂತ ನೋಡಿ ಮೇಲಿನ ಫೋಟೋವನ್ನು ಅಲ್ಲಿಗೆ ಕತ್ತರಿಸುವುದು, ಅಷ್ಟೇ. ಆದರೆ ಎಳೆದಷ್ಟೂ ಅಕ್ಕಿ ಅರಳುತ್ತದೆ! ಹಿಂದಕ್ಕೆ ಎಳೆದರೆ ಮಂಡಕ್ಕಿ ಮತ್ತೆ ಅಕ್ಕಿಯಾಗುತ್ತದೆ. ಕೆಳಗೆ ‘ಸದ್ದು ಕೇಳಿ’ ಅಂತ ಒಂದು ಗುಂಡಿ. ಒತ್ತಿದರೆ ಮರಳಿನ ಸರಸರ, ಜರಡಿಯ ಗರಗರ. ಅಕ್ಕಿ ಅರಳುವುದು ಕತೆಯ ಜೀವ. ಅದಕ್ಕೇ ಅಲ್ಲಿ ಬೆರಳು ಬೇಕು. ಸುಮ್ನೆ ನಕ್ಷತ್ರ ಉದುರಿಸಿದರೆ ಕಣ್ಣು ನಕ್ಷತ್ರದ ಹಿಂದೆ ಹೋಗುತ್ತದೆ, ಭಟ್ಟಿಯವನ ಮುಖ ಯಾರು ನೋಡುತ್ತಾರೆ?

ಇನ್ನೊಬ್ಬಳು ಚಿತ್ರದುರ್ಗದವಳು, ಕೋಟೆಯ ಫೋಟೋ ತಂದಿದ್ದಳು. ಓಬವ್ವನ ಕಿಂಡಿ, ಅಕ್ಕ ತಂಗಿ ಹೊಂಡ, ಏಳು ಸುತ್ತಿನ ಬಾಗಿಲುಗಳು. ಅವಳಿಗೆ ನಕ್ಷೆ ಬೇಕಿತ್ತು, ಹಾಕಿದೆವು. ಕಿಂಡಿಯ ಫೋಟೋ ಮಾತ್ರ ಉದ್ದಕ್ಕೆ, ಕಿರಿದಾಗಿಯೇ ಇರಲಿ, ಎರಡೂ ಕಡೆ ಕಪ್ಪು ಬಿಡಿ ಅಂದಳು. ಸರಿಯಾದ ಮಾತು. ಆ ಕಿಂಡಿ ಅಗಲವಾಗಿ ಕಂಡರೆ ಕಿಂಡಿಯೇ ಅಲ್ಲ.

ಈಗ ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಮೊದಲ ಸಲ ಪುಟ ಸಿದ್ಧವಾದಾಗ ಆಫೀಸಿನ ವೈಫೈನಲ್ಲಿ ನೋಡಿ ಖುಷಿಪಟ್ಟೆ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೇ ಫೋನಲ್ಲಿ ತೆರೆದೆ. ಬಸ್ಸು ಬಂತು, ಬಾಣಲೆ ಬರಲಿಲ್ಲ. ಲೆಕ್ಕ ನೋಡಿ. ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್ ಅಂದರೆ ಫೋಟೋ 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರ. ಒಂದೊಂದೂ ಸುಮಾರು 4 ಎಂಬಿ. 14 ಫೋಟೋಗೆ 56 ಎಂಬಿ. ಆದರೆ ತುಂಬಾ ಫೋನುಗಳ ಪರದೆ 1080 ಚುಕ್ಕಿ ಅಗಲ ಅಷ್ಟೇ. ಒಂದು ಸೇರಿನ ಪಾತ್ರೆಗೆ ನಾಲ್ಕು ಸೇರು ಹಾಲು ಸುರಿದ ಹಾಗೆ. ಫೋಟೋಗಳನ್ನು 1200 ಚುಕ್ಕಿಗೆ ಇಳಿಸಿದೆವು. ಒಂದೊಂದು 200 ಕೆಬಿ ಒಳಗೆ ಬಂತು, ಎಲ್ಲ ಸೇರಿ 3 ಎಂಬಿ ಕೂಡ ಇಲ್ಲ. ಜೊತೆಗೆ, ಓದುಗರು ಹತ್ತಿರ ಬಂದಾಗಲೇ ಫೋಟೋ ಇಳಿಯುವ ಹಾಗೆ ಮಾಡಿದೆವು. ಇದಕ್ಕೆ ಲೇಜಿ ಲೋಡಿಂಗ್ ಅನ್ನುತ್ತಾರೆ. ಸೋಮಾರಿತನಕ್ಕೂ ಒಂದು ಮರ್ಯಾದೆ ಇದೆ ಅಂತ ಹುಡುಗರು ನಕ್ಕರು.

ಕನ್ನಡದ ಕತೆ ಬೇರೆ. ಬರಹಗಳು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ ಬಂದಿದ್ದವು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡವನ್ನು ಕೂರಿಸಿದಂಥವು. ಫಾಂಟ್ ಇಲ್ಲದ ಫೋನಿನಲ್ಲಿ ‘ಮಂಡಕ್ಕಿ’ ಅನ್ನೋದು ಕೋಳಿ ಕೆದರಿದ ಹಾಗೆ ಕಾಣುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಅನ್ನುವ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಇದೆ. ಎಲ್ಲವನ್ನೂ ಅದಕ್ಕೆ ಬದಲಿಸಿ, ಒಂದೊಂದು ಒತ್ತಕ್ಷರವನ್ನೂ ಕೂತು ನೋಡಿದೆವು. ಆಮೇಲೆ ಸಾಲುಗಳ ನಡುವಿನ ಜಾಗ. ‘ಭಟ್ಟಿ’ ಅಂತ ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿಗೆ ಸಾಕಾಗುವ ಜಾಗ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಅಕ್ಷರದ ಅಳತೆಯ ಒಂದೂಮುಕ್ಕಾಲು ಪಟ್ಟು ಕೊಟ್ಟ ಮೇಲೆ ಉಸಿರಾಡಿತು.

ಒಂದು ವಿಷಯ ಮಾತ್ರ ಗಾಬರಿ ಹುಟ್ಟಿಸಿತು. ಒಬ್ಬಳು ಅಜ್ಜಿಯ ಫೋಟೋವನ್ನು ಮನೆಯಲ್ಲೇ ತೆಗೆದಿದ್ದಳು. ಅವಳ ಫೋನಿನಲ್ಲಿ ಲೊಕೇಶನ್ ಆನ್ ಇತ್ತು. ಹಾಗಿದ್ದರೆ ತೆಗೆದ ಜಾಗದ ಗುರುತು ಫೋಟೋ ಫೈಲಿನೊಳಗೇ ಕೂತಿರುತ್ತದೆ. ಫೈಲನ್ನು ಇದ್ದ ಹಾಗೇ ಏರಿಸಿದರೆ, ಇಳಿಸಿಕೊಂಡವರಿಗೆ ಮನೆ ಬಾಗಿಲಿನ ತನಕ ದಾರಿ ಸಿಗುತ್ತದೆ. ಈಗ ಪ್ರತಿ ಫೋಟೋದಿಂದಲೂ ಅದನ್ನು ಅಳಿಸಿಯೇ ಹಾಕುತ್ತೇವೆ. ಕೇಳುಗರಲ್ಲಿ ಅಪ್ಪ ಅಮ್ಮ ಯಾರಾದರೂ ಇದ್ದರೆ ಮಕ್ಕಳ ಫೋನಿನ ಕ್ಯಾಮೆರಾ ಸೆಟ್ಟಿಂಗ್ ಒಮ್ಮೆ ನೋಡಿ.

ಕಣ್ಣು ಕಾಣದವರೂ ಈ ಪತ್ರಿಕೆ ಓದುತ್ತಾರೆ. ಅವರ ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದಕ್ಕೆ ಪ್ರತಿ ಫೋಟೋದ ಹಿಂದೆ ಎರಡು ಸಾಲು ವಿವರ ಬರೆದಿಡಬೇಕು. ಹುಡುಗರು ಮೊದಲು ‘ಚಿತ್ರ 3’ ಅಂತ ಬರೆದಿದ್ದರು. ರೇಡಿಯೋದಲ್ಲಿ ಹೇಳುವ ಹಾಗೆ ಬರೆಯಿರಿ ಅಂದೆ. ನಾನು ಶುರುವಿಗೆ ಬಾಣಲೆಯ ಬಗ್ಗೆ ಹೇಳಿದೆನಲ್ಲ, ಅದು ಅರ್ಧಕ್ಕರ್ಧ ಅವರು ಬರೆದದ್ದೇ.

ಪುಟ ಎಲ್ಲರಿಗೂ ತೆರೆಯುವ ಮುಂಚೆ ಭಟ್ಟಿಗೆ ಹೋದೆವು. ಫೋಟೋದಲ್ಲಿ ಇದ್ದವರನ್ನು ಕೇಳದೆ ಹಾಕೋದು ತಪ್ಪು, ಅಲ್ವಾ? ಬಾಣಲೆ ಮುಂದೆ ನಿಲ್ಲುವ ಹಿರಿಯರು ಕೈಯನ್ನು ಟವೆಲಿಗೆ ಒರೆಸಿಕೊಂಡು ಫೋನು ತೆಗೆದುಕೊಂಡರು. ಗೆರೆಯನ್ನು ಎಳೆದರು. ಮತ್ತೆ ಹಿಂದಕ್ಕೆ ಎಳೆದರು. ನಾಲ್ಕೈದು ಸಲ ಆಯಿತು. ನಾವು ಶಹಬ್ಬಾಸ್‌ಗಿರಿಗೆ ಕಾಯುತ್ತಾ ನಿಂತಿದ್ದೆವು.

‘ಹಾಕ್ರಿ, ಅಡ್ಡಿಯಿಲ್ಲ’ ಅಂದರು. ‘ಆದ್ರೆ ಅಕ್ಕಿಗೆ ಉಪ್ಪುನೀರು ಹಿಡಿಸೋದು ಎಲ್ಲೈತಿ? ಅದಿಲ್ದೆ ಹಿಂಗ ಅರಳ್ತದೇನು?’

ಬರುವ ಭಾನುವಾರ ಬೆಳಿಗ್ಗೆ ನಾಲ್ಕಕ್ಕೆ ಹುಡುಗರು ಮತ್ತೆ ಭಟ್ಟಿಗೆ ಹೋಗುತ್ತಿದ್ದಾರೆ. ನಮಸ್ಕಾರ.