ಕನ್ನಡ ಭಾರವೇ? ಗುಳೇದಗುಡ್ಡದಿಂದ ಒಂದು ಲೆಕ್ಕ

ನೀವು ಕೇಳುತ್ತಿರುವ ಸದ್ದು ಗುಳೇದಗುಡ್ಡದ ನಮ್ಮ ಮನೆಯ ಮಗ್ಗದ್ದು. ಖಣ, ಅಂದರೆ ರವಿಕೆಯ ಬಟ್ಟೆ, ನೇಯುತ್ತಿರುವವರು ನಮ್ಮ ಕಾಕಾ. ಅದನ್ನು ಜಾಲತಾಣದಲ್ಲಿ ಮಾರುವುದು ನನ್ನ ಪಾಲಿನ ಕೆಲಸ.

ಒಮ್ಮೆ ಗಿರಾಕಿಯೊಬ್ಬರು ಬಸ್ಸಿನಿಂದಲೇ ಫೋನ್ ಮಾಡಿದರು. "ತಮ್ಮಾ, ಅಮೀನಗಡದಲ್ಲಿ ನಿಮ್ಮ ಪುಟ ಒತ್ತಿದೆ. ಹುನಗುಂದ ಬಂದರೂ ತೆರೆಯಲಿಲ್ಲ." ತಾಣ ಕಟ್ಟಿಕೊಟ್ಟವರನ್ನು ಕೇಳಿದರೆ, "ಕನ್ನಡ ಭಾರ, ಇಂಗ್ಲಿಷಿನಲ್ಲಿ ಹಾಕಿ" ಎಂದರು. ನಾನೂ ತಲೆಯಾಡಿಸಿ, ಆನೆಹೆಜ್ಜೆ ವಿನ್ಯಾಸದ ಖಣದ ವಿವರಣೆಯನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದೆ. ಹೇಳಲು ನಾಚಿಕೆ. ಪುಟವಂತೂ ಮೊದಲಿನಷ್ಟೇ ನಿಧಾನವಾಗಿತ್ತು.

ಅವರ ಮಾತು ಅರ್ಧ ನಿಜ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ (ದತ್ತಾಂಶದ ಅಳತೆ) ಸಾಕು, ಕನ್ನಡದ ಅಕ್ಷರ, ಒತ್ತು, ಗುಣಿತದ ಪ್ರತಿ ಸಂಕೇತಕ್ಕೂ 3 ಬೇಕು. 'ಖಣ' ಎಂದರೆ 6 ಬೈಟ್. ಆದರೆ ಆ ಮೂರರಲ್ಲಿ ಮೊದಲ ಎರಡನ್ನು ನೋಡಿ: ಇಡೀ ಕನ್ನಡಕ್ಕೆ ಎರಡೇ ಜೋಡಿಗಳು, ಅವೇ ಮತ್ತೆ ಮತ್ತೆ ಬರುತ್ತವೆ. ಮರುಕಳಿಸುವುದನ್ನು ಕುಗ್ಗಿಸುವುದಕ್ಕೆಂದೇ 1992ರಿಂದ ಜಿಜಿಪ್ ಎಂಬ ಓಪನ್ ಸೋರ್ಸ್ (ಒಳಗಿನ ಬರಹ ಎಲ್ಲರಿಗೂ ತೆರೆದಿರುವ) ತಂತ್ರಾಂಶವಿದೆ. ಹಿಂದೆ ಬಂದದ್ದೇ ಪುನಃ ಬಂದರೆ, "ಇಷ್ಟು ಹಿಂದೆ ಹೋಗು, ಇಷ್ಟನ್ನು ಎತ್ತಿಕೋ" ಎಂದಷ್ಟೇ ಅದು ಬರೆದಿಡುತ್ತದೆ. ಇದನ್ನು ವಿವರಿಸಿದಾಗ ಕಾಕಾ ನಕ್ಕರು: "ನಾವೇನು ಪ್ರತಿ ಆನೆಹೆಜ್ಜೆಯನ್ನೂ ಹೊಸದಾಗಿ ಕಲಿತು ನೇಯುತ್ತೇವೆಯೇ?"

ಗಿರಾಕಿಗಳಿಗೆ ಪುಟಗಳನ್ನು ಕಳಿಸುವ ನಮ್ಮ ಸರ್ವರ್ ತಂತ್ರಾಂಶದ ಹೆಸರು ಎಂಜಿನ್‌ಎಕ್ಸ್. ಅದರಲ್ಲಿ ನಾವಾಗಿ ಹೇಳದಿದ್ದರೆ ಜಿಜಿಪ್ ನಡೆಯುವುದಿಲ್ಲ. ಚಾಲೂ ಮಾಡಿದರೂ ಪುಟದ ಬರಹವಿರುವ ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ. ಪುಟದ ಅಂದ ನೋಡಿಕೊಳ್ಳುವ ಸಿಎಸ್‌ಎಸ್, ಪುಟಕ್ಕೆ ಕೆಲಸ ಹೇಳುವ ಜಾವಾಸ್ಕ್ರಿಪ್ಟ್‌ಗಳ ಹೆಸರನ್ನು ಬೇರೆಯಾಗಿ ಸೇರಿಸಬೇಕು. ಇಷ್ಟು ದಿನ ಯಾರೂ ಸರ್ವರ್ ಸೆಟ್ಟಿಂಗಿನ ಆ ಸಾಲುಗಳನ್ನು ಮುಟ್ಟಿಯೇ ಇರಲಿಲ್ಲ!

ಬದಲಾಗದ ಪುಟಗಳಿಗೆ ಈಗ ಕುಗ್ಗಿಸುವ ಇನ್ನೊಂದು ತಂತ್ರಾಂಶ, ಗೂಗಲ್‌ನ ಬ್ರಾಟ್ಲಿ ಬಳಸುತ್ತೇನೆ. ಅದೂ ಓಪನ್ ಸೋರ್ಸ್, ಹೆಸರು ಸ್ವಿಸ್ ಜರ್ಮನ್ನಿನ ಪುಟ್ಟ ಬ್ರೆಡ್ಡಿನದು. ಅತಿ ಹೆಚ್ಚು ಕುಗ್ಗಿಸುವ 11ನೆಯ ಮಟ್ಟ ಬಹಳ ನಿಧಾನ. ಹಾಗಾಗಿ ರಾತ್ರಿಯೇ ಕುಗ್ಗಿಸಿ ಇಡುತ್ತೇನೆ, ಬೆಳಿಗ್ಗೆ ಸರ್ವರ್ ಅದನ್ನು ಎತ್ತಿ ಕೊಟ್ಟರಾಯಿತು. ಪದೇ ಪದೇ ಬರುವ ಪದಗಳನ್ನು ಮೊದಲೇ ತುಂಬಿಟ್ಟ ಅದರೊಳಗಿನ ನಿಘಂಟಿನಲ್ಲಿ ಹಿಂದಿ ಇದೆ, ಕನ್ನಡ ಇಲ್ಲ. ಸ್ವಲ್ಪ ಮುನಿಸಾಯಿತು, ಬಿಡಿ.

ಫೋಟೋಗಳ ಕಥೆ ಬೇರೆ. ಫೋಟೋಗಳ ಜೆಪೆಗ್ ಕಡತ ಮೊದಲೇ ಕುಗ್ಗಿದ್ದು; ಅದನ್ನು ಜಿಜಿಪ್‌ಗೆ ಕೊಟ್ಟರೆ ಸರ್ವರ್‌ಗೆ ದಣಿವಷ್ಟೇ. ಅವುಗಳ ಅಳತೆಯನ್ನೇ ತಗ್ಗಿಸಿದೆ.

ಆನೆಹೆಜ್ಜೆ, ತೇರು ಎಲ್ಲ ಮತ್ತೆ ಕನ್ನಡಕ್ಕೆ ಬಂದಿವೆ. ಮಗ್ಗದ ಸದ್ದು ನಿಂತಿತು, ಕೇಳಿಸಿತೇ? ಕಾಕಾನಿಗೆ ಚಹಾ ಬಂತು.